ಹೊಗೆ ಇಲ್ಲದ ಮನೆ

ಕೆಮ್ಮಿನ ಮದ್ದಿಗೆ ನಮ್ಮ ಮನೆಯಲ್ಲಿ ಯಾವತ್ತೂ ಬರ ಬಂದದ್ದಿಲ್ಲ. ಅಮ್ಮ ಇರುವುದು ಭದ್ರಾವತಿಯಲ್ಲಿ, ನಾನು ಶಿವಮೊಗ್ಗದಲ್ಲಿ. ನಡುವೆ ಇಪ್ಪತ್ತು ಕಿಲೋಮೀಟರ್ ದಾರಿ. ಮಗು ಬೆಳಿಗ್ಗೆ ಕೆಮ್ಮಿದರೆ ಸಂಜೆಯೊಳಗೆ ಫೋನಿನಲ್ಲಿ ಒಂದು ಮದ್ದು ಬಂದಿರುತ್ತಿತ್ತು. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡು. ವೀಳ್ಯದೆಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಎದೆ ಮೇಲಿಡು. ಓಂಕಾಳು ಹುರಿದು ಗಂಟು ಕಟ್ಟು. ಇದರ ಮೇಲೆ ಪಕ್ಕದ ಮನೆಯವರದೊಂದು, ಆಫೀಸಿನ ಗೆಳತಿಯದೊಂದು, ಹಾಲು ಹಾಕುವವನದೂ ಒಂದು. ಎಲ್ಲರ ಮದ್ದೂ ಮಾಡಿದ್ದೇನೆ. ಮಗಳು ಕೊನೆಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಬೇಕಾಯಿತು.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ ಇದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಕಡೆ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಶೇ 0.1 ದಾಟಬಾರದ್ದು, ತಮಿಳುನಾಡಿನ ಪರೀಕ್ಷೆಯಲ್ಲಿ ಶೇ 48.6 ಸಿಕ್ಕಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಅಲ್ಲಿಂದೀಚೆಗೆ ನಮ್ಮ ಬೀದಿಯ ತಾಯಂದಿರ ಬಾಯಲ್ಲಿ ಒಂದೇ ಮಾತು: "ಅದಕ್ಕೇ ಹೇಳೋದು, ಮನೆಮದ್ದೇ ವಾಸಿ." ಸಿರಪ್ ಬೇಡ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸಿರಪ್ ಬಿಟ್ಟವರೆಲ್ಲ ಹಿಡಿಯುವ ಇನ್ನೊಂದು ದಾರಿಯಲ್ಲಿ ನಾನು ಎಡವಿ ಬಿದ್ದಿದ್ದೇನೆ. ಅದು ಇದಕ್ಕೂ ಹಿಂದಿನ ಒಂದು ಮಳೆಗಾಲದ ಮಾತು.

ಪುಟ್ಟಿಗೆ ಆಗ ಒಂದೂಮುಕ್ಕಾಲು ವರ್ಷ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಂತೆ ಅಂತ ಊರಿಗೆ ಊರೇ ಕೊಡೆ ಹಿಡಿದು ನೋಡಲು ಹೋಗುತ್ತದಲ್ಲ, ಅಂಥ ದಿನಗಳು. ಗೋಡೆ ಮುಟ್ಟಿದರೆ ಕೈ ಒದ್ದೆ. ಮಗುವಿನ ಚಡ್ಡಿ, ಲಂಗೋಟಿ ಯಾವುದೂ ಒಣಗುತ್ತಿರಲಿಲ್ಲ. ನಾನು ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದೆ, ಮಗು ಬೇಬಿ ಸಿಟ್ಟಿಂಗ್‌ಗೆ ಹೋಗತೊಡಗಿತ್ತು. ಅಲ್ಲಿ ಒಬ್ಬರಿಗೆ ಮೂಗು ಸೋರಿದರೆ ಎಲ್ಲರಿಗೂ ಸೋರುತ್ತದೆ. ನೆಗಡಿ ತಂದಳು. ನೆಗಡಿ ಹೋಯಿತು, ಕೆಮ್ಮು ಉಳಿಯಿತು.

ಉಳಿಯುವುದರಲ್ಲಿ ವಿಶೇಷವೇನೂ ಇಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ವೈರಸ್ ಬಿಟ್ಟುಹೋದ ಮೇಲೂ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಹಿಡಿದರೆ ಮಳೆಗಾಲ ಪೂರ್ತಿ ಮಗು ಕೆಮ್ಮುತ್ತಲೇ ಇದ್ದ ಹಾಗೆ ಕಾಣುತ್ತದೆ. ಇದನ್ನೆಲ್ಲ ಡಾಕ್ಟರು ನನಗೆ ವಿವರಿಸಿದ್ದು ಆಮೇಲೆ. ಮೊದಲೇ ಗೊತ್ತಿದ್ದರೆ ಸುಮ್ಮನಿರುತ್ತಿದ್ದೆನಾ? ಇರುತ್ತಿರಲಿಲ್ಲ. ನಡುರಾತ್ರಿ ಮಗು ಎದ್ದು ಕೂತು, ಕೆಮ್ಮಿ ಕೆಮ್ಮಿ, ಕುಡಿದ ಹಾಲನ್ನೆಲ್ಲ ಹಾಸಿಗೆ ಮೇಲೆ ಕಕ್ಕಿದಾಗ ಕೈಕಟ್ಟಿ ಕೂರುವುದು ಯಾವ ತಾಯಿಗೂ ಆಗುವುದಿಲ್ಲ. ಹಗಲೆಲ್ಲ ಬೇರೆಯವರ ಕೈಗೆ ಕೊಟ್ಟು ಹೋಗುತ್ತೇನಲ್ಲ ಎಂಬ ಸಂಕಟ ಬೇರೆ. ರಾತ್ರಿ ಮಾಡುವ ಮದ್ದಿನಲ್ಲಿ ಅದನ್ನೂ ತೀರಿಸಿಕೊಳ್ಳುತ್ತಿದ್ದೆ.

ಹಾಗಾಗಿ ಮದ್ದು ಒಂದಕ್ಕೊಂದು ಸೇರುತ್ತಾ ಹೋಯಿತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಪೂಜೆಯ ಕರ್ಪೂರವನ್ನೇ ಪುಡಿ ಮಾಡಿ ಹಾಕಿ ಎದೆಗೆ, ಬೆನ್ನಿಗೆ, ಅಂಗಾಲಿಗೆ ತಿಕ್ಕಿದೆ. ಟೋಪಿ ಅಂಚಿಗೆ ನೀಲಗಿರಿ ಎಣ್ಣೆ ಮುಟ್ಟಿಸಿದೆ. ಶುಂಠಿ, ಕಾಳುಮೆಣಸು, ತುಳಸಿ ಹಾಕಿ ಕುದಿಸಿದ ಕಷಾಯವನ್ನು ಬೆಲ್ಲ ಸೇರಿಸಿ ಒಳಲೆಯಲ್ಲಿ ಹೊಯ್ದೆ. ಅರ್ಧ ಉಗಿದಳು. ಸ್ನಾನ ಮಾಡಿಸಿದ ಮೇಲೆ ಬಾಣಂತನದಲ್ಲಿ ಹಾಕುತ್ತಿದ್ದ ಹಾಗೆಯೇ ಸಾಂಬ್ರಾಣಿ. ಬೆಳಿಗ್ಗೆ ಹಾಕಿದ್ದು ಸಾಲದು ಅನ್ನಿಸಿ ಸಂಜೆಗೂ ಶುರುವಾಯಿತು. ಒಣಗದ ಬಟ್ಟೆಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ, ಮೇಲೆ ಬಿದಿರ ಬುಟ್ಟಿ ಬೋರಲು ಮಾಡಿ ಹರವಿದೆ. ಸೊಳ್ಳೆ ಬತ್ತಿ ಮಂಚದ ಕೆಳಗೆ. ಮಳೆ ಎರಚಲು ಬರುತ್ತದೆಂದು ಕಿಟಕಿ ಯಾವತ್ತೂ ಮುಚ್ಚೇ ಇರುತ್ತಿತ್ತು. ಇಷ್ಟು ಮಾಡಿದರೂ ಕಡಿಮೆಯಾಗದ್ದಕ್ಕೆ ದೃಷ್ಟಿಯಿರಬೇಕು ಅಂತ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದ್ದೂ ಆಯಿತು. ಆ ದಿನ ಮನೆಯವರೆಲ್ಲರೂ ಕೆಮ್ಮಿದೆವು. ಘಾಟು ಜೋರಾಗಿ ಬಂತು, ದೃಷ್ಟಿ ಹೋಯಿತು ಅಂತ ಸಮಾಧಾನಪಟ್ಟೆವು.

ಹೊಗೆಯ ವಿಷಯದಲ್ಲಿ ನಮಗೆ, ಅಂದರೆ ಭದ್ರಾವತಿಯಲ್ಲಿ ಬೆಳೆದವರಿಗೆ, ಅನುಮಾನ ಹುಟ್ಟುವುದು ಕಷ್ಟ. ಬೆಂಕಿಪುರ ಅನ್ನುವುದು ಆ ಊರಿನ ಹಳೆಯ ಹೆಸರು. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿತು. ಮಲೆನಾಡಿನ ಕಾಡಿನ ಸೌದೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದ ಕಾಲ ಅದು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು, ಅದರ ವಾಸನೆಯೂ ಬಂತು. ನನ್ನ ಅಪ್ಪ ಕೆಲಸ ಮಾಡಿದ್ದು ಕಬ್ಬಿಣದ ಕಾರ್ಖಾನೆಯಲ್ಲಿ, ನಾನು ಆಡಿದ್ದು ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ. ಚಿಮಣಿಯಲ್ಲಿ ಹೊಗೆ ಕಂಡರೆ ಸಂಬಳ ಬರುತ್ತದೆ ಅಂತ ಅರ್ಥ. ಹೊಗೆ ನಿಂತ ದಿನವೇ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ್ದನ್ನು ಮುಚ್ಚುವ ತೀರ್ಮಾನ ಬಂದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವ ಹೊತ್ತಿಗೆ. ಇಂಥ ಊರಲ್ಲಿ ಬೆಳೆದವಳಿಗೆ ಒಂದು ಚಿಟಿಕೆ ಸಾಂಬ್ರಾಣಿ ಹೊಗೆ ಅನ್ನಿಸುವುದಾದರೂ ಹೇಗೆ?

ಒಂದು ರಾತ್ರಿ ಫೋನಿನಲ್ಲಿ ಎಂದಿನಂತೆ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಕಷಾಯ ಕೊಟ್ಟೆ, ಎಲೆ ಇಟ್ಟೆ, ಗಂಟು ಬದಲಾಯಿಸಿದೆ. ಅಮ್ಮ ನಡುವೆಯೇ ತಡೆದಳು.

"ಅಲ್ವೇ, ಮಗು ಅಳೋದೇ ಕೇಳ್ತಿಲ್ವಲ್ಲೇ ಎರಡು ದಿನದಿಂದ?"

"ಸುಸ್ತಾಗಿದಾಳೆ ಕಣಮ್ಮ. ಮಲಗೇ ಇರ್ತಾಳೆ."

ಅಮ್ಮ ಏನೂ ಹೇಳದೆ ಫೋನಿಟ್ಟಳು. ಮರುದಿನ ಬೆಳಿಗ್ಗೆ ಬಂದೇಬಿಟ್ಟಳು. ಭದ್ರೆಗೆ ನೀರು ಬಿಟ್ಟಿದ್ದರಿಂದ ಹೊಸ ಸೇತುವೆ ಮುಳುಗಿ, ಹಳೇ ಸೇತುವೆ ದಾಟಿ ಬಸ್ಸು ಹಿಡಿದಿದ್ದಳು. (ನಮ್ಮೂರಲ್ಲಿ ನೀರು ಬಂದರೆ ಮುಳುಗುವುದು ಹೊಸ ಸೇತುವೆಯೇ, ಹಳೆಯದಲ್ಲ. ಈ ಮಾತನ್ನು ಭದ್ರಾವತಿಯವರು ಬೇರೆ ಬೇರೆ ಸಂದರ್ಭಕ್ಕೆ ಬಳಸುತ್ತಾರೆ.) ಒದ್ದೆ ಸೆರಗು ಹಿಂಡಿದವಳೇ ಕಾಫಿಯನ್ನೂ ಕೇಳದೆ ಒಳಗೆ ಹೋಗಿ, ಟ್ಯೂಬ್‌ಲೈಟ್ ಹಾಕಿ, ಪುಟ್ಟಿ ಹೊದ್ದಿದ್ದನ್ನೆಲ್ಲ ತೆಗೆದಳು. ಸ್ವೆಟರ್, ಅದರೊಳಗಿನ ಫ್ರಾಕು, ಅದರೊಳಗಿನ ಬನಿಯನ್ನು ಎಲ್ಲವನ್ನೂ ಕತ್ತಿನವರೆಗೆ ಸರಿಸಿ ಸುಮ್ಮನೆ ನೋಡುತ್ತ ನಿಂತಳು.

ನಾನೂ ಆಗಲೇ ನೋಡಿದ್ದು. ಒಂದೊಂದು ಉಸಿರು ಎಳೆದಾಗಲೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಹೊಟ್ಟೆ ಉಬ್ಬುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿತ್ತು. ಕತ್ತಿನ ಬುಡದ ಕುಳಿಯೂ ಒಳಕ್ಕೆ. ಮೂಗಿನ ಹೊರಳೆ ಅರಳಿ ಅರಳಿ ಮುಚ್ಚುತ್ತಿದ್ದವು. ಎದೆ ಮೇಲೆ ರಾತ್ರಿ ಇಟ್ಟ ವೀಳ್ಯದೆಲೆ ಒಣಗಿ ಅಂಟಿಕೊಂಡಿತ್ತು, ಅದೂ ಉಸಿರಿನ ಜೊತೆ ಏರಿಳಿಯುತ್ತಿತ್ತು. ದಿನಕ್ಕೆ ಎಷ್ಟು ಸಲ ಆ ಎದೆಗೆ ಎಣ್ಣೆ ತಿಕ್ಕಿದ್ದೆ! ತಿಕ್ಕುವಾಗೆಲ್ಲ ನನ್ನ ಕಣ್ಣು ಅವಳ ಮುಖದ ಮೇಲೋ, ಗಡಿಯಾರದ ಮೇಲೋ, ಒಲೆ ಮೇಲಿನ ಕಷಾಯದ ಕಡೆಗೋ ಇರುತ್ತಿತ್ತು.

"ಪಕ್ಕೆ ಸೆಳೀತಾ ಇದೆ. ಏಳು, ಆಟೋ ಕರಿ," ಅಂದಳು ಅಮ್ಮ. ಒಂದು ಎಲೆ, ಒಂದು ಬೇರು, ಒಂದು ಮದ್ದಿನ ಹೆಸರೂ ಅವಳ ಬಾಯಿಂದ ಬರಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್ ಸಿಕ್ಕಿಸಿದರು. ಆಕ್ಸಿಜನ್ ಕಡಿಮೆ ಇತ್ತು. ಡಾಕ್ಟರು ವಾಚು ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು, ಐವತ್ತು ದಾಟಿತ್ತು. ಆ ವಯಸ್ಸಿಗೆ ನಲವತ್ತು ಮುಟ್ಟಿದರೇ ಜಾಸ್ತಿ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ವೀಸಿಂಗ್ ಇದೆ," ಅಂದು ನೆಬ್ಯುಲೈಸರ್ ಹಾಕಿಸಿದರು. ಹಾಕಿಸುತ್ತಲೇ ಕೇಳಿದರು:

"ಮನೇಲಿ ಹೊಗೆ ಏನಾದ್ರೂ ಇದೆಯಾ?"

"ಇಲ್ಲ ಸಾರ್. ಇವರು ಸಿಗರೇಟ್ ಮುಟ್ಟಲ್ಲ. ಗ್ಯಾಸ್ ಒಲೆ."

ಸುಳ್ಳು ಹೇಳಲಿಲ್ಲ ನಾನು. ಹಾಗಂತಲೇ ನಂಬಿದ್ದೆ. ಡಾಕ್ಟರು ಬಗ್ಗಿ ಪುಟ್ಟಿಯ ಉಣ್ಣೆ ಟೋಪಿ ತೆಗೆದು ಮೂಗಿನ ಹತ್ತಿರ ಹಿಡಿದರು. "ಮತ್ತೆ ಇದೇನಮ್ಮ?" ಅಂತ ನನ್ನ ಕೈಗೆ ಕೊಟ್ಟರು. ಸಾಂಬ್ರಾಣಿ, ಇದ್ದಿಲು, ಕರ್ಪೂರ, ನೀಲಗಿರಿ ಎಲ್ಲ ಅದರಲ್ಲಿ ಮನೆ ಮಾಡಿದ್ದವು. ಮನೆಯಲ್ಲೇ ಇರುವ ನನ್ನ ಮೂಗಿಗೆ ಅದು ಮಗುವಿನ ವಾಸನೆಯಾಗಿಬಿಟ್ಟಿತ್ತು.

ನಡೆದದ್ದಿಷ್ಟು. ವೈರಸ್ ಬಂದು ಶ್ವಾಸನಾಳದ ಒಳಪದರ ಊದಿಕೊಂಡಿತ್ತು. ದೊಡ್ಡವರ ನಾಳಕ್ಕೆ ಅಷ್ಟು ಊತ ಲೆಕ್ಕಕ್ಕಿಲ್ಲ, ಒಂದೂಮುಕ್ಕಾಲು ವರ್ಷದ ಮಗುವಿನ ನಾಳಕ್ಕೆ ಅದು ಅರ್ಧ ದಾರಿ ಮುಚ್ಚಿದ ಹಾಗೆ. ಊದಿದ ಜಾಗಕ್ಕೆ ಹೊಗೆ ತಾಕಿದರೆ ಇನ್ನಷ್ಟು ಊದುತ್ತದೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕೆಮ್ಮು ಹೆಚ್ಚುತ್ತದೆ. ಕೆಮ್ಮು ಹೆಚ್ಚಿತೆಂದು ನಾನು ಇನ್ನೊಂದು ಚಿಟಿಕೆ ಸಾಂಬ್ರಾಣಿ ಹಾಕುತ್ತಿದ್ದೆ. ಬರೀ ಕಿಟಕಿ ತೆರೆದು, ಏನೂ ಮಾಡದೆ ಬಿಟ್ಟಿದ್ದರೂ ಪುಟ್ಟಿ ಬೇಗ ಚೇತರಿಸಿಕೊಳ್ಳುತ್ತಿದ್ದಳೋ ಏನೋ. ಸೊಳ್ಳೆ ಬತ್ತಿಯ ವಿಷಯ ಆಮೇಲೆ ಓದಿದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಅದನ್ನು ಮಗುವಿನ ಮಂಚದ ಕೆಳಗೆ, ಕಿಟಕಿ ಹಾಕಿದ ಕೋಣೆಯಲ್ಲಿ ಇಟ್ಟು, ಇವರು ಸಿಗರೇಟ್ ಸೇದುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅಮ್ಮನ ಜೊತೆ ಜಗಳ ತೆಗೆದೆ. ಅದೂ ಒಂದು ಸಣ್ಣತನವೇ. "ಎಲ್ಲಾ ನೀನು ಹೇಳಿದ್ದೇ ತಾನೇ ಮಾಡಿದ್ದು? ನಂಗೂ ಚಿಕ್ಕವಳಿದ್ದಾಗ ಇದನ್ನೇ ಮಾಡಿದ್ದೆ ಅಂದೆ. ನಂಗೇನಾಯ್ತು?"

"ಮಾಡಿದ್ದೆ. ಮೂರು ದಿನ ನೋಡ್ತಿದ್ದೆ. ಆಮೇಲೆ ಕಾರ್ಖಾನೆ ಆಸ್ಪತ್ರೆಗೆ ಎತ್ಕೊಂಡು ಹೋಗ್ತಿದ್ದೆ. ನಿಂಗೆ ಇಂಜೆಕ್ಷನ್ ಹಾಕ್ಸಿದ್ದು ಎಷ್ಟು ಸಲ ಅಂತ ನಿಂಗೇನು ಗೊತ್ತು?"

ಇದು ನನಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಅಮ್ಮನ ಕೈಯ ಕಷಾಯ, ಸಾಣೆಕಲ್ಲಿನ ಮೇಲೆ ಬಜೆ ತೇಯುವ ಸದ್ದು. ಅದರ ಹಿಂದೆಯೇ ಕ್ವಾರ್ಟರ್ಸ್‌ನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, ಕಾರ್ಮಿಕರ ಮನೆಯವರಿಗೆ ದುಡ್ಡು ಕೇಳದ ಒಂದು ಆಸ್ಪತ್ರೆ ಇತ್ತು. ಕಾರ್ಖಾನೆ ಊರಿನ ಹೆಂಗಸರು ಮನೆಮದ್ದನ್ನು ಧೈರ್ಯವಾಗಿ ಮಾಡುತ್ತಿದ್ದುದು ಆ ಆಸ್ಪತ್ರೆಯ ಬಲದ ಮೇಲೆ. ನಾನು ಶಿವಮೊಗ್ಗಕ್ಕೆ ತಂದುಕೊಂಡದ್ದು ಮದ್ದನ್ನು ಮಾತ್ರ. ಮೂರನೇ ದಿನ ಹೊರಟುಬಿಡುವ ಅವಳ ಲೆಕ್ಕವನ್ನು ತರಲಿಲ್ಲ. ಅಮ್ಮನದೂ ತಪ್ಪಿದೆ. ಮಗುವನ್ನು ನೋಡದೆ ಫೋನಿನಲ್ಲೇ ಮದ್ದು ಹೇಳುತ್ತಿದ್ದಳು. ಅದನ್ನು ಅವಳು ಒಪ್ಪುವುದಿಲ್ಲ, ನಾನೂ ಒತ್ತಾಯಿಸಿಲ್ಲ.

ಪುಟ್ಟಿ ಹುಷಾರಾಗಿ ಮನೆಗೆ ಬಂದಳು. ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಡಾಕ್ಟರು ಪಫ್ ಬರೆದುಕೊಟ್ಟಿದ್ದರು. ಪ್ಲಾಸ್ಟಿಕ್ಕಿನ ಸ್ಪೇಸರ್, ಅದರ ತುದಿಗೆ ಮುಖಕ್ಕೆ ಕೂರುವ ಮಾಸ್ಕ್. ಇದನ್ನು ನೋಡಿದವರೆಲ್ಲ ಹೆದರಿಸಿದರು. "ಒಂದ್ಸಲ ಅಭ್ಯಾಸ ಆದ್ರೆ ಬಿಡಲ್ವಂತೆ." "ಹೆಣ್ಣುಮಗು, ಉಬ್ಬಸ ಅಂತ ಹೆಸರು ಬಿದ್ರೆ ಮುಂದೆ ಕಷ್ಟ." ಒಂದೂಮುಕ್ಕಾಲು ವರ್ಷದ ಮಗುವಿನ ಮದುವೆಯ ಚಿಂತೆ! ನಗು ಬರಬೇಕಿತ್ತು, ನನಗೆ ಭಯ ಬಂತು. ನೆಂಟರು ಬಂದರೆ ಸ್ಪೇಸರನ್ನು ಅಡುಗೆಮನೆಯ ಅಟ್ಟದ ಮೇಲೆ, ಹಪ್ಪಳದ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೆ. ಬಚ್ಚಿಟ್ಟದ್ದನ್ನು ತೆಗೆಯಲು ಮರೆಯುತ್ತಿದ್ದೆ. ಮುಂದಿನ ನೆಗಡಿಗೆ ಮತ್ತೆ ಅದೇ ಸುಯ್ ಸುಯ್ ಸದ್ದು, ಮತ್ತೆ ಅದೇ ಡಾಕ್ಟರು. ಈ ಸಲ ಅವರು ಬೈದರು, ಬೈಯಬೇಕಾದದ್ದೇ. ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಶ್ವಾಸನಾಳ ಮುಟ್ಟಬೇಕು. ಪಫ್ ನೇರವಾಗಿ ಅಲ್ಲಿಗೇ ಹೋಗುತ್ತದೆ, ಅದಕ್ಕೇ ಸ್ವಲ್ಪವೇ ಔಷಧಿ ಸಾಕು ಅಂದರು. ಈ ವಯಸ್ಸಿಗೆ ಅಸ್ತಮಾ ಅಂತ ಹೆಸರಿಡುವ ಆತುರ ನಮಗೂ ಇಲ್ಲ, ನೆಗಡಿ ಬಂದಾಗಲಷ್ಟೇ ವೀಸಿಂಗ್ ಆಗುವ ಎಷ್ಟೋ ಮಕ್ಕಳಿಗೆ ಬೆಳೆಯುತ್ತ ಅದು ನಿಂತೇ ಹೋಗುತ್ತದೆ ಎಂದೂ ಹೇಳಿದರು. ಈಗ ಪುಟ್ಟಿಯ ಸ್ಪೇಸರ್ ಟಿ.ವಿ. ಪಕ್ಕದಲ್ಲೇ ಇರುತ್ತದೆ. ಬಂದವರು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಮನೆಮದ್ದನ್ನೇ ಬಿಟ್ಟಿಲ್ಲ. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದಿಂದ ಹೊರಟೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಔಷಧಿ ತಯಾರಾದದ್ದು. ಗಿಡಗಳನ್ನು ಹೀಗಳೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ನಾನು ಮಾಡಿದ ಅಷ್ಟು ಮದ್ದಿನಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು, ಉಷ್ಣವಾಗುತ್ತದೆ ಅಂತ ನಾನು ಎಲ್ಲಕ್ಕಿಂತ ಕಡಿಮೆ ಕೊಟ್ಟದ್ದು: ಜೇನು. 2012ರಲ್ಲಿ ಇಸ್ರೇಲಿನಲ್ಲಿ ಒಂದರಿಂದ ಐದು ವರ್ಷದ 300 ಮಕ್ಕಳಿಗೆ ಮಲಗುವ ಅರ್ಧ ಗಂಟೆ ಮೊದಲು ಕೆಲವರಿಗೆ ಜೇನು, ಕೆಲವರಿಗೆ ಅದೇ ರೀತಿ ಕಾಣುವ ಖರ್ಜೂರದ ಪಾಕ ಕೊಟ್ಟು ನೋಡಿದರು. ಎರಡೂ ಗುಂಪಿಗೆ ಸ್ವಲ್ಪ ಗುಣ ಕಂಡಿತು, ಜೇನು ತಿಂದವರಿಗೆ ಹೆಚ್ಚು. ಈಗ ನಾನು ಕೊಡುವುದು ಅರ್ಧ ಚಮಚ ತುಡುವೆ ಜೇನು, ಮೇಲೆ ಬೆಚ್ಚನೆ ನೀರು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನನ್ನು ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಬಾಟ್ಯುಲಿನಮ್ ಬೀಜಕಣ ಆ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ನಾಮಕರಣದಲ್ಲಿ ಜೇನು ನೆಕ್ಕಿಸುವ ಪದ್ಧತಿ ಇರುವ ಮನೆಗಳವರು ಇದನ್ನು ಗಮನಿಸಬೇಕು.

ಕರ್ಪೂರ ನಮ್ಮ ಮನೆಯಲ್ಲಿ ದೇವರ ಮುಂದೆಯೇ ಉಳಿಯಿತು. ಹೊಟ್ಟೆಗೆ ಸ್ವಲ್ಪ ಹೋದರೂ ಎಳೆಯ ಮಕ್ಕಳಿಗೆ ಫಿಟ್ಸ್ ತರುತ್ತದೆ, ಚರ್ಮದಿಂದಲೂ ಒಳಗಿಳಿಯುತ್ತದೆ. ಎದೆಗೆ ಹಚ್ಚುವ ಬಾಮಿನ ಡಬ್ಬಿಯ ಮೇಲೂ ಎರಡು ವರ್ಷದೊಳಗಿನವರಿಗೆ ಬೇಡ ಎಂದು ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೆ. ಮೂಗಿಗೆ ಎಣ್ಣೆ ಬಿಡುವುದನ್ನು ನಾನು ಮಾಡಿರಲಿಲ್ಲ, ಅದೊಂದು ಪುಣ್ಯ. ಆ ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೆಯದೇ ನಿಮೋನಿಯಾ ಆಗುತ್ತದಂತೆ. ಕುದಿಯುವ ನೀರಿನ ಆವಿಗೆ ಮಗುವನ್ನು ಹಿಡಿಯುವುದಂತೂ ಬೇಡವೇ ಬೇಡ. ಎರಡು ವರ್ಷದ ಮಗುವಿನ ಕೈ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಹೇಳಲಾಗುವುದಿಲ್ಲ.

ಇದನ್ನು ಓದುತ್ತಿರುವವರ ಮನೆಯಲ್ಲೂ ಕೆಮ್ಮುವ ಮಗು ಇರಬಹುದು. ಕಷಾಯಕ್ಕೆ ಇಡುವ ಮೊದಲು ಅಂಗಿ ಮೇಲೆತ್ತಿ, ದೀಪದ ಬೆಳಕಿನಲ್ಲಿ ಎದೆ ನೋಡಿ. ಮಗು ಮಲಗಿರುವಾಗಲೋ ಸಮಾಧಾನವಾಗಿರುವಾಗಲೋ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಅದಕ್ಕಿಂತ ಎಳೆಯದಕ್ಕೆ 60 ಮುಟ್ಟಿದರೆ ಅದು ಮನೆಮದ್ದಿನ ಕೆಮ್ಮಲ್ಲ. ಕಡಲೆಬೀಜವೋ ಅಡಿಕೆ ಚೂರೋ ಬಾಯಲ್ಲಿದ್ದಾಗ ಇದ್ದಕ್ಕಿದ್ದಂತೆ ಶುರುವಾದ ಕೆಮ್ಮೂ ಅಲ್ಲ, ನಾಲ್ಕು ವಾರ ದಾಟಿದ ಕೆಮ್ಮೂ ಅಲ್ಲ. ಪಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲು ಆಗದಿದ್ದರೆ, ಅಳುವ ಮಗು ಅಳು ನಿಲ್ಲಿಸಿ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.